ಚೇಂಬರ್ ನ್ಯಾಯಾಧಿಕರಣ

ನಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದವರು ಕೆಟ್ಟರು. ಕೇಳದವರೂ ಬಚಾವಾಗುವುದಿಲ್ಲ. ಲೋಟ ಕೈಗೆ ಕೊಡುವ ಮುಂಚೆಯೇ ನಾನು ಶಿವ ಅಣೆಕಟ್ಟೆಯಿಂದ ಶುರು ಮಾಡುತ್ತೇನೆ. ಅಲ್ಲಿಂದ ನೆಟ್ಕಲ್, ನೆಟ್ಕಲ್ಲಿನಿಂದ ತೊರೆಕಾಡನಹಳ್ಳಿ, ಅಲ್ಲಿ ಶುದ್ಧಿ, ಆಮೇಲೆ ಹಾರೋಹಳ್ಳಿ, ತಾತಗುಣಿ. ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರ ಹತ್ತಿರ ಐನೂರು ಮೀಟರ್ ಏರು, ಮೂರು ಕಡೆ ಪಂಪು. ಬಂದವರು ಇನ್ನೂ ಎದ್ದಿಲ್ಲವೆಂದರೆ 1896ರ ಹೆಸರಘಟ್ಟಕ್ಕೂ 1933ರ ತಿಪ್ಪಗೊಂಡನಹಳ್ಳಿಗೂ ಕರೆದೊಯ್ಯುತ್ತೇನೆ. 1974ರಲ್ಲಿ ಕಾವೇರಿ ಮೊದಲನೆಯ ಹಂತ. 2024ರ ಅಕ್ಟೋಬರಿನಲ್ಲಿ ಐದನೆಯದು, ದಿನಕ್ಕೆ 775 ದಶಲಕ್ಷ ಲೀಟರು. ಅಷ್ಟು ಹೊತ್ತಿಗೆ ನನ್ನವಳು ಬಂದು, ಅತಿಥಿಗಳಿಗೆ ಮಜ್ಜಿಗೆ ಕೊಟ್ಟು, ಅವರ ಕಡೆ ಕನಿಕರದಿಂದ ನೋಡಿ ಒಳಗೆ ಹೋಗಿರುತ್ತಾಳೆ.

ಇದೆಲ್ಲ ಬರುವ ನೀರಿನ ವಿಚಾರ. ಹೋಗುವ ನೀರಿನಲ್ಲಿ ನನ್ನ ಪಾಂಡಿತ್ಯ ಬಚ್ಚಲ ಜಾಲರಿಯ ತನಕ ಮಾತ್ರ. ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಗೆ ಹೋಗುತ್ತದೆಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಆ ಎಂಬತ್ತು ಎಲ್ಲಿಗೆ ಹೋಗುತ್ತದೆಂದು ಯಾವ ಅತಿಥಿಯೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ‘ರಸ್ತೆಗೆ’ ಎಂದು ಮನಸ್ಸಿನಲ್ಲೇ ಷರಾ ಬರೆದು ಕಡತ ಮುಚ್ಚಿದ್ದೆ.

ಕಡತ ತೆರೆದದ್ದು ಮಳೆಗಾಲದಲ್ಲಿ, ನಮ್ಮ ಮುಂದಿನ ಅಂಗಳದ ಚೇಂಬರು ಉಕ್ಕಿದಾಗ. ಉಕ್ಕಿದ್ದನ್ನು ವರ್ಣಿಸುವುದಿಲ್ಲ, ಓದುವವರು ಊಟದ ಹೊತ್ತಿನಲ್ಲಿರಬಹುದು. ಪ್ಲಂಬರ್ ಬಂದ, ಕಡಪ ಕಲ್ಲು ಎಬ್ಬಿಸಿದ, ಬಗ್ಗಿ ನೋಡಿ ಒಂದು ಹೊಸ ಸಂಗತಿ ಹೇಳಿದ.

“ಸಾರ್, ಒಳಕ್ಕೆ ಎರಡು ಪೈಪು ಬಂದವೆ. ಒಂದು ನಿಮ್ದು. ಇನ್ನೊಂದು ಮೇಲ್ಗಡೆ ಮನೇದು.”

ಬಸವನಗುಡಿಯ ಪಡುವಣ ಇಳಿಜಾರಿನಲ್ಲಿ ಇರುವುದು ನಮ್ಮ ಮನೆ. ಯಾವ ಕಾಲದಲ್ಲೋ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ನಿವೇಶನ. ಮೇಲಿನ ಅರ್ಧವನ್ನು ಪಕ್ಕದ ಮನೆ ಮೇಷ್ಟ್ರ ತಂದೆ ಕೊಂಡರು, ಕೆಳಗಿನದನ್ನು ನಮ್ಮಪ್ಪ. ಆ ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿದ್ದರು, ಬಾವಿ ಮುಚ್ಚಿಸಿದ್ದರು, ತೆಂಗಿನ ಮರಕ್ಕೂ ಜಗಳವಾಡಿದ್ದರಂತೆ. ಕೊಳಚೆ ಪೈಪಿಗೆ ಮಾತ್ರ ಇಬ್ಬರೂ ಹಕ್ಕು ಸಾಧಿಸಿರಲಿಲ್ಲ. ಅದು ಇಂದಿಗೂ ಅವಿಭಕ್ತ ಕುಟುಂಬ.

ಇಲ್ಲಿ ನನ್ನ ಸಾರ್ವಜನಿಕ ಜೀವನದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಂಜೆ ಕಹಳೆ ಬಂಡೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕಾವೇರಿ ವಿವಾದದಲ್ಲಿ ಕರ್ನಾಟಕದ ಪರ ವಾದಿಸುವವನು ನಾನೇ. ಸರ್ಕಾರ ನೇಮಿಸಿಲ್ಲ, ಫೀಜೂ ಇಲ್ಲ. 1990ರಲ್ಲಿ ನ್ಯಾಯಾಧಿಕರಣ ರಚನೆಯಾದದ್ದು, 2007ರ ಐತೀರ್ಪು, 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ನಮಗೆ 14.75 ಟಿಎಂಸಿ ಹೆಚ್ಚು ಕೊಟ್ಟದ್ದು, ಅದರಲ್ಲಿ 4.75 ಬೆಂಗಳೂರಿಗೆಂದೇ ತೆಗೆದಿಟ್ಟದ್ದು, ಬಿಳಿಗುಂಡ್ಲುವಿನಲ್ಲಿ ನಾವು ಬಿಡಬೇಕಾದದ್ದು 192ರಿಂದ 177.25ಕ್ಕೆ ಇಳಿದದ್ದು, ಎಲ್ಲ ಬಾಯಿಪಾಠ. “ಮೇಲಿರುವವನಿಗೆ ಮೊದಲ ಹಕ್ಕು, ಕೆಳಗಿರುವವನು ಹೊಂದಿಕೊಂಡು ಹೋಗಬೇಕು” ಎಂದು ನಾನು ಬೆಂಚು ಕುಟ್ಟಿ ಹೇಳಿದಾಗಲೆಲ್ಲ ಪಕ್ಕದಲ್ಲಿ ಕೂತು ತಲೆ ಆಡಿಸುತ್ತಿದ್ದವರು ಇದೇ ಮೇಷ್ಟ್ರು.

ಈಗ ಕಡಪ ಕಲ್ಲಿನ ಪಕ್ಕ ಅವರ ಎದುರು ನಿಂತು, “ಮೇಷ್ಟ್ರೇ, ನಿಮ್ಮ ಮನೆ ನೀರು ನಮ್ಮ ಚೇಂಬರಿಗೆ ಬರ್ತಾ ಇದೆ” ಎಂದೆ.

ಅವರು ಕನ್ನಡಕ ಒರೆಸಿಕೊಂಡು, “ಹೌದೇ? ಬರಲಿ ಬಿಡಿ ಸ್ವಾಮಿ. ಕೆಳಗಿರೋರು ಹೊಂದಿಕೊಂಡು ಹೋಗಬೇಕು ಅಂತ ಬಲ್ಲವರು ಹೇಳ್ತಾರೆ” ಎಂದರು.

ಆ ಕ್ಷಣದಿಂದ ಕೆಳರಾಜ್ಯದ ಸಂಕಟಗಳ ಬಗ್ಗೆ ನನ್ನ ನಿಲುವು ಬಹಳ ಮೆದುವಾಯಿತು. ಬೆಂಚಿನ ಗೆಳೆಯರು ಇದನ್ನು ಪಕ್ಷಾಂತರ ಅನ್ನುತ್ತಾರೆ. ಅನ್ನಲಿ. ಅವರ ಅಂಗಳದಲ್ಲಿ ಉಕ್ಕಿಲ್ಲ.

ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ; ಎಷ್ಟು ನೀರು ಗಡಿ ದಾಟಿತೆಂದು ಅಲ್ಲಿ ಅಳೆಯುತ್ತಾರೆ. ನಾನೂ ಒಂದನ್ನು ಸ್ಥಾಪಿಸಿದೆ. ಚೇಂಬರಿನ ಒಳಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿ, ಮೇಷ್ಟ್ರ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತಿರುಗಿದಾಗ ಮಟ್ಟ ಎಷ್ಟು ಏರುತ್ತದೆ, ಅವರ ಸೊಸೆ ತಲೆಗೆ ಎರೆದುಕೊಂಡ ದಿನ ಎಷ್ಟು, ಎಂದು ಬರೆದಿಡತೊಡಗಿದೆ. ನನ್ನವಳು ಹೊಸ್ತಿಲಲ್ಲಿ ನಿಂತು, “ರೀ, ಅವರ ಮನೆ ಹೆಣ್ಣುಮಕ್ಕಳು ಯಾವಾಗ ಸ್ನಾನ ಮಾಡ್ತಾರೆ ಅಂತ ನೀವು ಪುಸ್ತಕದಲ್ಲಿ ಬರೀತಿರೋದು ಬೀದಿಗೆ ಗೊತ್ತಾದ್ರೆ ಏನು ಗತಿ?” ಎಂದ ಮೇಲೆ ಮಾಪನ ಕೇಂದ್ರವನ್ನು ಅನಿರ್ದಿಷ್ಟ ಕಾಲ ಮುಚ್ಚಲಾಯಿತು.

ಇನ್ನು ಉಳಿದದ್ದು ಸರ್ಕಾರ. ಜಲಮಂಡಳಿಯ ಸಹಾಯವಾಣಿ 1916ಕ್ಕೆ ಫೋನು ಮಾಡಿದೆ. ದೂರು ಬರೆದುಕೊಂಡರು, ಆಳುಗಳೂ ಬಂದರು. ತಡವಾಗಿ ಬಂದಿದ್ದರೆ ಬೈಯಲು ನಾಲ್ಕು ವಾಕ್ಯ ಸಿದ್ಧಮಾಡಿಟ್ಟಿದ್ದೆ, ಅವು ದಂಡವಾದವು. ಮನೆ ಮುಂದಿನ ರಸ್ತೆಯ ಮ್ಯಾನ್‌ಹೋಲಿನ ಮುಚ್ಚಳವನ್ನು ಹಾರೆಯಿಂದ ಮೀಟಿ ಸರಿಸಿದರು. ಒಳಗೆ ನೀರು ಸಲೀಸಾಗಿ ಹರಿಯುತ್ತಿತ್ತು.

“ಮೇನ್ ಕ್ಲಿಯರ್ ಐತೆ ಸಾರ್. ಮೇನ್ ಲೈನ್ ನಮ್ದು, ಮನೆ ಕನೆಕ್ಷನ್ ನಿಮ್ದು. ಬ್ಲಾಕು ಮನೆ ಕನೆಕ್ಷನ್ನಾಗೆ ಐತೆ.”

ಈ ಉತ್ತರ ನಿರೀಕ್ಷಿಸಿದ್ದೆ. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆ 1964ರದ್ದು, ಅದಕ್ಕೂ ಮೊದಲು ಹೇಗಿತ್ತು, ಮೂಲ ಸಂಪರ್ಕ ಕೊಟ್ಟಾಗ ನಿವೇಶನ ಒಂದೇ ಆಗಿದ್ದರಿಂದ ಹೊಣೆ ಯಾರದು, ಎಂದು ನಿಂತ ನಿಲುವಿನಲ್ಲೇ ವಾದ ಮಂಡಿಸಿದೆ. ಆಳುಗಳಲ್ಲೊಬ್ಬ ಹಾರೆಗೆ ಒರಗಿ ತಾಳ್ಮೆಯಿಂದ ಕೇಳಿದ. ಪೂರ್ತಿ ಮುಗಿದ ಮೇಲೆ ಒಂದೇ ಪ್ರಶ್ನೆ ಹಾಕಿದ.

“ಎಲ್ಲಾ ಸರಿ ಸಾರ್. ನಿಮ್ಮನೆ ಪೈಪು ಈ ಮ್ಯಾನ್‌ಹೋಲಿಗೇ ಬತ್ತದೆ ಅಂತ ಯಾರು ಹೇಳಿದ್ದು?”

ನಾನು ಮೇಷ್ಟ್ರನ್ನು ನೋಡಿದೆ. ಮೇಷ್ಟ್ರು ಪ್ಲಂಬರನ್ನು ನೋಡಿದರು. ಪ್ಲಂಬರು ಆಕಾಶ ನೋಡಿದ. ಎಂಥ ಪ್ರಶ್ನೆ! ಶಿವ ಅಣೆಕಟ್ಟೆಯಿಂದ ನಮ್ಮ ಸಂಪಿನವರೆಗೆ ಒಂದೊಂದು ಪಂಪಿನ ಹೆಸರನ್ನೂ ಹೇಳಬಲ್ಲವನಿಗೆ ಸ್ವಂತ ಬಚ್ಚಲ ನೀರು ಮುಂಬಾಗಿಲಿಂದ ಹೋಗುತ್ತದೋ ಹಿಂಬಾಗಿಲಿಂದಲೋ ಗೊತ್ತಿರಲಿಲ್ಲ.

“ಬಣ್ಣ ಹಾಕಿ ನೋಡೋಣ” ಎಂದ ಪ್ಲಂಬರ್. ಅದೊಂದು ಮಾನ್ಯ ವಿಧಾನ. ಮೇಲೆ ಬಣ್ಣದ ನೀರು ಸುರಿದು ಕೆಳಗೆ ಎಲ್ಲಿ ಬಣ್ಣ ಕಾಣುತ್ತದೆಂದು ನೋಡಿದರೆ ಪೈಪಿನ ಜಾತಕ ಸಿಕ್ಕುತ್ತದೆ. ಮನೆಯಲ್ಲಿದ್ದ ಬಣ್ಣವೆಂದರೆ ಬಿಳಿ ಬಟ್ಟೆಗೆ ಹಾಕುವ ನೀಲಿ. ನಾಲ್ಕು ಹನಿ ಸಾಕೆಂದು ಬಾಟಲಿಯ ಮೇಲೇ ಬರೆದಿರುತ್ತದೆ. ವೈಜ್ಞಾನಿಕ ಪ್ರಯೋಗದಲ್ಲಿ ಜಿಪುಣತನ ಸಲ್ಲದೆಂದು ಮುಕ್ಕಾಲು ಬಾಟಲಿ ಬಗ್ಗಿಸಿ, ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದೆ. ಪ್ಲಂಬರ್ ಉದ್ದನೆಯ ಬಿದಿರು ದಬ್ಬೆ ತೂರಿಸಿ ಹಿಂದಕ್ಕೂ ಮುಂದಕ್ಕೂ ಆಡಿಸಿದ. ಚೇಂಬರು ಗೊಳಗೊಳ ಎಂದಿತು. ನೋಡನೋಡುತ್ತ ನೀರಿನ ಮಟ್ಟ ಸರ್ರನೆ ಇಳಿದು ನನ್ನ ಸೀಮೆಸುಣ್ಣದ ಗೀಟು, ಅದರ ಕೆಳಗಿನ ಗೀಟು, ತಳ, ಎಲ್ಲ ಕಂಡವು.

ನಾವೆಲ್ಲ ಓಡಿಹೋಗಿ ರಸ್ತೆಯ ಮ್ಯಾನ್‌ಹೋಲಿನ ಸುತ್ತ ಬಗ್ಗಿ ನಿಂತೆವು. ದಾರಿಹೋಕರೂ ಸೇರಿದರು, ನಮ್ಮೂರಿನಲ್ಲಿ ಗುಂಡಿಯ ಸುತ್ತ ಇಬ್ಬರು ಬಗ್ಗಿದರೆ ಹತ್ತು ಜನ ಬಗ್ಗುತ್ತಾರೆ. ಬಣ್ಣ ಬರಲಿಲ್ಲ. ಬಂದದ್ದು ಹಿತ್ತಲ ಕಡೆಯಿಂದ ಒಂದು ಕೂಗು.

“ಯಾವನೋ ಅವನು ನೀಲಿ ಬಿಟ್ಟೋನು?”

ನಮ್ಮ ಮನೆಯ ಹಿಂದುಗಡೆ, ಇನ್ನೊಂದು ರಸ್ತೆಗೆ ಮುಖ ಮಾಡಿರುವ ಮನೆಯ ಅಜ್ಜಿ. ಬೀದಿ ಸುತ್ತಿಕೊಂಡು ಹೋಗಿ ನೋಡಿದರೆ ಅವರ ಹಿತ್ತಲು ಪೂರ್ತಿ ಆಕಾಶದ ಬಣ್ಣ. ತುಳಸಿಕಟ್ಟೆಯ ಬುಡ ನೀಲಿ, ಒಗೆಯುವ ಕಲ್ಲು ನೀಲಿ, ಕಲ್ಲಿನ ಪಕ್ಕ ಮಲಗಿದ್ದ ಬಿಳಿ ಬೆಕ್ಕಿನ ಒಂದು ಪಾರ್ಶ್ವ ನೀಲಿ. ಕಲ್ಲಿನ ಪಕ್ಕದಲ್ಲೇ ಒಂದು ದುಂಡು ಮ್ಯಾನ್‌ಹೋಲು, ಅದರ ಮುಚ್ಚಳದ ಸಂದಿಯಿಂದ ಇನ್ನೂ ನೀಲಿ ಜಿನುಗುತ್ತಿತ್ತು.

ಹಿತ್ತಲಲ್ಲಿ ಸರ್ಕಾರಿ ಮ್ಯಾನ್‌ಹೋಲು ಹೇಗೆ ಬಂತು ಎಂಬುದು ಬಡಾವಣೆಯ ಹಳೆಯ ಕಥೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಬೆನ್ನು ಕೂಡುವಲ್ಲಿ ಒಂದೊಂದು ಕಿರುಗಲ್ಲಿ ಬಿಟ್ಟಿದ್ದರು. ಕಾನ್ಸರ್ವೆನ್ಸಿ ಗಲ್ಲಿ. ಪಾಯಿಖಾನೆ ಮನೆಯ ಹಿಂದಿರುತ್ತಿದ್ದ ಕಾಲದಲ್ಲಿ ಶುಚಿ ಮಾಡುವವರು ಬಂದುಹೋಗಲು ಇದ್ದ ದಾರಿ. ಒಳಚರಂಡಿ ಬಂದಾಗ ಹಲವು ಕಡೆ ಪೈಪೂ ಅಲ್ಲೇ ಇಳಿಯಿತು. ನಂತರ ಒಂದೊಂದು ಮನೆಯವರೂ ಗೋಡೆಯನ್ನು ಒಂದೊಂದು ಗೇಣು ಹಿಂದಕ್ಕೆ ಸರಿಸಿದರು. ಯಾರೂ ಒತ್ತುವರಿ ಮಾಡಲಿಲ್ಲ. ಗಲ್ಲಿಯೇ ಸಂಕೋಚದಿಂದ ಸಣ್ಣದಾಯಿತು.

ಜಲಮಂಡಳಿಯ ಆಳು ಅಜ್ಜಿಯ ಹಿತ್ತಲ ಗೋಡೆಯನ್ನು ನೋಡಿದ. ಆಮೇಲೆ ಅದರಾಚೆ ಕಾಣುತ್ತಿದ್ದ ನಮ್ಮ ಗೋಡೆಯನ್ನೂ ಅದರ ಮೇಲೆ ನಾನು ಹಾಕಿಸಿದ ಶೀಟಿನ ಮಾಡನ್ನೂ ನೋಡಿದ. ಅದರ ಪಕ್ಕ ಮೇಷ್ಟ್ರ ಸೌದೆ ಕೊಟ್ಟಿಗೆ. “ಇಲ್ಲಿ ಗಲ್ಲಿ ಇರಬೇಕಿತ್ತಲ್ಲ?” ಎಂದು ಕೇಳಿದ.

ಕೊಳಚೆಯ ಹೊಣೆ ಯಾರದೆಂದು ಒಂದು ಗಂಟೆಯಿಂದ ಗಂಟಲು ಹರಿದುಕೊಳ್ಳುತ್ತಿದ್ದವರು ನಾವು. ಈ ಪ್ರಶ್ನೆಗೆ ಮೂರೂ ರಾಜ್ಯಗಳು ಮೌನ. ಪೈಪು ಮಂಡಳಿಯದು, ಅದರ ಮೇಲಿನ ನೆಲ ಪಾಲಿಕೆಯದು, ನೆಲದ ಮೇಲಿನ ಒಗೆಯುವ ಕಲ್ಲು ನಮ್ಮದು. ಇಂಥ ಕಡೆ ವಾದ ಹೂಡುವುದು ಜಾಣತನವಲ್ಲವೆಂದು ನನ್ನೊಳಗಿನ ವಕೀಲನಿಗೂ ಹೊಳೆಯಿತು. ಆಳು ಒಂದು ನಿಮಿಷ ಕಾದ, ನಕ್ಕ, “ಮುಚ್ಚಳದ ಮೇಲೆ ಏನೂ ಇಡಬ್ಯಾಡಿ ಅಜ್ಜಿ” ಎಂದಷ್ಟೇ ಹೇಳಿ ಹಾರೆ ಹೊತ್ತುಕೊಂಡು ಹೋದ. ಅವನು ತಿರುವು ದಾಟಿದ ಮೇಲೇ ನಾವು ಉಸಿರು ಬಿಟ್ಟದ್ದು.

ಅಜ್ಜಿ ಮಾತ್ರ ಬಿಡಲಿಲ್ಲ. “ಹಂಗಾದ್ರೆ ಇಷ್ಟು ವರ್ಷ ಬರ್ತಾ ಇದ್ದದ್ದು ನಿಮ್ಮಗಳದ್ದೇ ಅನ್ನು. ನಾನು ಪಾಪ, ಎಡಗಡೆ ಮನೆಯೋರನ್ನ ಬೈಕೊಂಡಿದ್ದೆನಲ್ಲೋ” ಎಂದು ಒಳಗೆ ಹೋಗಿ ಗೋಡೆ ಕ್ಯಾಲೆಂಡರುಗಳ ಒಂದು ಸುರುಳಿ ತಂದರು. ಏಕಾದಶಿ, ಸಂಕಷ್ಟಿ, ಹಾಲಿನ ಲೆಕ್ಕ, ಅದರ ನಡುವೆ ವರುಷ ವರುಷವೂ ‘ಮೋರಿ ಮಷೀನು’ ಎಂದು ಬರೆದು ಮುಂದೆ ಮೊತ್ತ. ಗಲ್ಲಿಗೆ ಗಾಡಿ ನುಗ್ಗುವುದಿಲ್ಲ. ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಅಜ್ಜಿಯ ನಡುಮನೆಯ ಮೂಲಕ ಉದ್ದನೆಯ ಕೊಳವೆ ಎಳೆದುಕೊಂಡು ಬಂದು ಜೋರು ನೀರು ಹೊಡೆಯಬೇಕು. ಖಾಸಗಿಯವರು ಅದಕ್ಕೆ ತೆಗೆದುಕೊಳ್ಳುವುದು ಕಡಿಮೆಯೇನಲ್ಲ.

“ಯಾರನ್ನಾದರೂ ಇಳಿಸಿದ್ರೆ ಅಗ್ಗ ಆಗ್ತಿತ್ತೇನೋ” ಎಂದರು ಮೇಷ್ಟ್ರು, ಯೋಚಿಸದೆ.

“ಇಳಿಸ್ತೀಯಾ? ನಿನ್ನ ಮಗನ್ನ ಇಳಿಸು, ನೋಡೋಣ” ಎಂದರು ಅಜ್ಜಿ. ಮೇಷ್ಟ್ರ ಮುಖ ಸಣ್ಣದಾಯಿತು. ಮ್ಯಾನ್‌ಹೋಲಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದು 2013ರ ಕಾಯ್ದೆಯಡಿ ಜೈಲಿಗೆ ಕಳಿಸುವ ಅಪರಾಧ. ಆದರೂ ಇಳಿಸುತ್ತಾರೆ, ಇಳಿದವರು ಸಾಯುತ್ತಾರೆ, ಪತ್ರಿಕೆಯಲ್ಲಿ ಸಣ್ಣ ಸುದ್ದಿ ಬರುತ್ತದೆ. ಈ ಒಂದು ವಿಷಯದಲ್ಲಿ ನನಗೆ ತಮಾಷೆ ಏಳುವುದಿಲ್ಲ. ಕಾಯ್ದೆಗಳನ್ನು ಬಾಯಿಪಾಠ ಮಾಡಿದ ನಾನು ಅವತ್ತಿನವರೆಗೆ ಇದಕ್ಕೆ ಒಂದು ಪೈಸೆ ಖರ್ಚು ಮಾಡಿರಲಿಲ್ಲ. ಕಾಯ್ದೆಯ ಹೆಸರೂ ಗೊತ್ತಿಲ್ಲದ ಅಜ್ಜಿ ಪೆನ್ಷನ್ನಿನಲ್ಲಿ ಮಷೀನು ತರಿಸುತ್ತಿದ್ದರು.

“ಅದು ಸರಿ, ಮಳೆ ಬಂದಾಗ್ಲೇ ಯಾಕಪ್ಪಾ ಉಕ್ಕೋದು? ಮಳೆಗೂ ಕಕ್ಕಸಿಗೂ ಏನು ಸಂಬಂಧ?” ಎಂದು ಅಜ್ಜಿ ಮುಂದಿನ ಪ್ರಶ್ನೆ ಹಾಕಿದರು.

ಪ್ಲಂಬರ್ ಬಾಯಿ ತೆರೆದ. ನಾನು ಕಣ್ಣು ಬಿಟ್ಟೆ. ಆದರೂ ಹೇಳಿಬಿಟ್ಟ: “ಇವರ್ದೂ ಮೇಷ್ಟ್ರುದೂ ಎರಡೂ ತಾರಸಿ ಪೈಪು ಚೇಂಬರಿಗೇ ಬಿಟ್ಟವ್ರೆ ಅಜ್ಜಿ.” ಮಳೆ ನೀರನ್ನು ಒಳಚರಂಡಿಗೆ ಬಿಡುವಂತಿಲ್ಲ, ಆ ಪೈಪಿನ ಅಳತೆಯೇ ಮಳೆಯ ಲೆಕ್ಕದ್ದಲ್ಲ. ನನಗಿದು ಗೊತ್ತಿತ್ತು. ಮಳೆಕೊಯ್ಲಿನ ಮೇಲೆ ಬಡಾವಣೆಯ ಸಭೆಯಲ್ಲಿ ಭಾಷಣವನ್ನೇ ಮಾಡಿದ್ದೆ. ಮಾಡಿಸಿಯೂ ಇದ್ದೆ, ನೀಲಿ ಡ್ರಮ್ಮು, ಜಲ್ಲಿ, ಮರಳು, ಎಲ್ಲ. ಡ್ರಮ್ಮು ಕಟ್ಟಿಕೊಂಡ ವರ್ಷ ‘ತಾತ್ಕಾಲಿಕವಾಗಿ’ ಪೈಪನ್ನು ಚೇಂಬರಿನ ಕಡೆ ತಿರುಗಿಸಿದ್ದೆ.

“ಹರಿಯೋದು ನೀರಿನ ಗುಣ ಅಜ್ಜಿ” ಎಂದರು ಮೇಷ್ಟ್ರು ಮೆಲ್ಲಗೆ.

“ಮೇಲಿನವರಿಗೆ ಕೆಲವು ಅನಿವಾರ್ಯತೆಗಳಿರ್ತವೆ” ಎಂದು ನಾನೂ ದನಿಗೂಡಿಸಿದೆ. ಬೆಳಗ್ಗೆಯಿಂದ ಮಾತು ಬಿಟ್ಟಿದ್ದ ನಾವಿಬ್ಬರು ಅಷ್ಟು ಹೊತ್ತಿಗೆ ಒಂದೇ ಬಣದಲ್ಲಿದ್ದೆವು. ನನ್ನ ಪಕ್ಷಾಂತರ ಹೋಗಿ ಬರುವ ಟಿಕೆಟ್ಟಿನದಾಯಿತು.

ಅಜ್ಜಿಯ ಐತೀರ್ಪು ಸ್ಥಳದಲ್ಲೇ ಹೊರಬಿತ್ತು. ತಾರಸಿ ಪೈಪುಗಳನ್ನು ವಾರದೊಳಗೆ ಕಿತ್ತು ಅವರವರ ಇಂಗುಗುಂಡಿಗೆ ಬಿಡತಕ್ಕದ್ದು. ಎರಡು ಮನೆಯ ಬಟ್ಟೆ ಯಂತ್ರಗಳು ಒಂದೇ ದಿನ ತಿರುಗತಕ್ಕದ್ದಲ್ಲ. ಹಳೆಯ ಬಾಕಿಯನ್ನು ತಲೆ ಎಣಿಕೆಯ ಮೇಲೆ ಹಂಚಿಕೊಂಡು ತೀರಿಸತಕ್ಕದ್ದು. ಬೆಕ್ಕಿಗೆ ಸ್ನಾನ ಮಾಡಿಸುವುದು ನಾನು. ಮೇಲ್ಮನವಿಗೆ ಅವಕಾಶವಿಲ್ಲ.

ಹಣದ ವಿಷಯ ಸ್ವಲ್ಪ ಮರೆಸೋಣವೆಂದು ನಾನು ಮಾತು ತಿರುಗಿಸಿದೆ. “ಈ ನೀಲಿ ಇಲ್ಲಿಂದ ಎಲ್ಲಿಗೆ ಹೋಗುತ್ತೆ ಗೊತ್ತಾ ಅಜ್ಜಿ? ನಮ್ಮ ದೊಡ್ಡ ಬಸವಣ್ಣನ ಪಾದದ ಹತ್ತಿರ ವೃಷಭಾವತಿ ಹುಟ್ತಾಳೆ ಅಂತಾರಲ್ಲ, ಅದೇ ಕಣಿವೆಗೆ. ಮೈಸೂರು ರಸ್ತೆ ಕಡೆ ಶುದ್ಧಿ ಮಾಡಿ ಬಿಡ್ತಾರೆ. ಬೈರಮಂಗಲ ದಾಟಿ ಅರ್ಕಾವತಿ ಸೇರುತ್ತೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಅಲ್ಲಿಂದ ಮೇಕೆದಾಟು, ಆಮೇಲೆ ಬಿಳಿಗುಂಡ್ಲು...”

“ಅಂದ್ರೆ ನಾವು ಮೂರು ಮನೆಯೋರೂ ದಿನಾ ತಮಿಳುನಾಡಿಗೆ ನೀರು ಬಿಡ್ತಾ ಇದೀವಿ ಅನ್ನಿ” ಎಂದರು ಮೇಷ್ಟ್ರು, ಬೆರಗಾಗಿ.

“ಬಿಡ್ರಪ್ಪಾ, ಧಾರಾಳವಾಗಿ ಬಿಡಿ” ಎಂದರು ಅಜ್ಜಿ. “ಅವರು ಬಿಲ್ಲು ಕಳಿಸಿದಾಗ ನೋಡ್ಕೊಳ್ಳೋರಂತೆ. ನನ್ನದು ಇವತ್ತೇ ಚುಕ್ತಾ ಆಗಬೇಕು.”

ಮೇಷ್ಟ್ರು ಜೇಬಿಗೆ ಕೈ ಹಾಕಿ ನೋಟು ಎಣಿಸತೊಡಗಿದರು. ನಾನೂ ಹಾಕಿದೆ. ಜೇಬಿನಲ್ಲಿದ್ದದ್ದು ಕಾಲು ಬಾಟಲಿ ನೀಲಿ, ಅದೂ ಮುಚ್ಚಳ ಸಡಿಲವಾಗಿ.