ಪಲ್ಟಿಗೆ ಫೀಸು

ಸಾಲ್ಟ್ ಲೇಕ್ ಸಿಟಿಯ ಮಗಳ ಮನೆಗೆ ಹೋದಾಗ ಹತ್ತು ವರ್ಷದ ಮೊಮ್ಮಗನನ್ನು ಫ್ರೀಸ್ಟೈಲ್ ಸ್ಕೀಯಿಂಗ್‌ಗೆ ಸೇರಿಸುವ ಗಹನ ಚರ್ಚೆ ನಡೆದಿತ್ತು. ಹಿಮದ ಮೇಲೆ ನೆಟ್ಟಗೆ ಜಾರಿದರೆ ಸಾಲದಂತೆ, ಗಾಳಿಯಲ್ಲಿ ಪಲ್ಟಿಯೂ ಹೊಡೆಯಬೇಕಂತೆ. ನಾವು ಬಚ್ಚಲಲ್ಲಿ ಜಾರಿದರೆ ಬೈಗುಳ ಬೀಳುತ್ತಿತ್ತು; ಈಗ ಜಾರುವುದಕ್ಕೆ ಫೀಸು!

“ಮೊಗಲ್ಸೋ, ಸ್ಲೋಪ್‌ಸ್ಟೈಲೋ ಅಂತ ಯೋಚನೆ ಅಪ್ಪಾ,” ಎಂದಳು ಮಗಳು. ಮೊಗಲ್ಸ್ ಎಂದರೆ ಹಿಮದ ಗುಡ್ಡೆಗಳ ಮೇಲೆ ಮಂಡಿ ಕುಣಿಸುತ್ತ ಇಳಿಯುವುದು. 1992ರಿಂದ ಅದಕ್ಕೆ ಒಲಿಂಪಿಕ್ ಪದಕವುಂಟು. ಮಳೆಗಾಲ ಮುಗಿದ ಮೇಲೆ ನಮ್ಮೂರ ರಸ್ತೆಯಲ್ಲಿ ಸ್ಕೂಟರ್ ಓಡಿಸಿದವರಿಗೆ ಪದಕ ಕೊಡುವವರಿಲ್ಲ. ಸ್ಲೋಪ್‌ಸ್ಟೈಲ್‌ನಲ್ಲಿ ಕಂಬಿ ಮೇಲೆ ಜಾರಿ ದಿಬ್ಬದಿಂದ ಹಾರಬೇಕು. ಅದು ಒಲಿಂಪಿಕ್ಸ್‌ಗೆ ಬಂದದ್ದು 2014ರಲ್ಲಿ.

ಪಾರ್ಕ್ ಸಿಟಿಯ ಒಲಿಂಪಿಕ್ ಪಾರ್ಕಿಗೆ ಹೋಗಿ ನೋಡಿದೆವು. ಸುಡುಬೇಸಿಗೆ. ಮಕ್ಕಳು ಕಾಲಿಗೆ ಸ್ಕೀ ಕಟ್ಟಿಕೊಂಡೇ ಇಳಿಜಾರಿನಿಂದ ಹಾರಿ ಕೊಳಕ್ಕೆ ದೊಪ್ಪನೆ ಬೀಳುತ್ತಿದ್ದರು. ಪೆಟ್ಟು ತಗ್ಗಲೆಂದು ನೀರಿನಡಿಯಿಂದ ಗಾಳಿಗುಳ್ಳೆ ಬಿಡುತ್ತಾರೆ. ಮೊದಲು ಟ್ರ್ಯಾಂಪೊಲಿನ್, ಆಮೇಲೆ ನೀರು. ಅಲ್ಲಿ ಪಳಗಿದ ಮೇಲಷ್ಟೇ ಹಿಮದಲ್ಲಿ ತಲೆಕೆಳಗಾಗಲು ಅಪ್ಪಣೆ. ಇದು ನನಗೆ ಹಿಡಿಸಿತು. “ಇನ್ನೂ ಬೇಡ ಮರಿ” ಅನ್ನಬಲ್ಲ ಕೋಚ್ ಇರುವಲ್ಲಿಗೇ ಸೇರಿಸು ಎಂದೆ.

ಮಗಳು ಕೋಚಿಗೆ ಕೇಳಬೇಕಾದ ಪ್ರಶ್ನೆಗಳನ್ನು ಎರಡು ಪುಟ ಬರೆದಳು. ಮೊಮ್ಮಗನದು ಒಂದೇ ಪ್ರಶ್ನೆ: “ಪಲ್ಟಿ ಯಾವತ್ತಿಂದ ತಾತಾ?”

ಅಷ್ಟರಲ್ಲಿ ಅಳಿಯಂದಿರು ಯಾವುದೋ ಕ್ಲಬ್ಬಿನ ಫೀಸಿನ ಪಟ್ಟಿ ತೆರೆದರು. ಮೊದಲ ಪಲ್ಟಿ ಅವರದೇ.