ಕಾಲ್ಬೆರಳಿನ ಸಾಕ್ಷಿ

ಅಮ್ಮನ ಟ್ರಂಕು ತೆಗೆದದ್ದು ನನ್ನ ಟಿ.ಸಿ. ಹುಡುಕೋದಕ್ಕೆ. ಸಿಕ್ಕಿದ್ದು ನಾವು ಮೂವರು ಗೋಲಿ ಆಡುತ್ತಿರುವ ಕಪ್ಪುಬಿಳುಪು ಫೋಟೊ. 1984ರದ್ದು. ಟೆಕ್ ಪಾರ್ಕಿನ ಹೆಸರೂ ಕೇಳಿರದ ಪಟ್ಟಂದೂರು ಅಗ್ರಹಾರ. ಹಿಂದೆ ರಾಗಿ ಹೊಲ, ಮುಂದೆ ನಮ್ಮ ಹರಕು ಚಡ್ಡಿಗಳು. ಮಾವನ ಆಗ್ಫಾ ಕ್ಲಿಕ್ 3 ಕ್ಯಾಮೆರಾದ್ದು. ಒಂದು ರೋಲಿಗೆ ಬರುವುದೇ 12 ಫೋಟೊ, ಅದರಲ್ಲೊಂದನ್ನು ಗೋಲಿಗೆ ದಂಡ ಮಾಡಿದ್ದಕ್ಕೆ ಅತ್ತೆ ಅವನನ್ನು ಬಹಳ ದಿನ ಬಿಡಲಿಲ್ಲ.

ಹೆಂಡತಿಯ ಮುಂದೆ ಎದೆಯುಬ್ಬಿಸಿದೆ. ಇಂಗ್ಲೆಂಡಿನ ಟಿನ್ಸ್ಲಿ ಗ್ರೀನ್ ಅನ್ನುವ ಹಳ್ಳಿಯಲ್ಲಿ 1932ರಿಂದ ಗುಡ್ ಫ್ರೈಡೇ ದಿನ ಗೋಲಿ ಚಾಂಪಿಯನ್‌ಷಿಪ್ ನಡೆಯುತ್ತೆ, ನನ್ನ ಗುರಿ ನೋಡಿದ್ದರೆ ಕರೆದು ಕಪ್ ಕೊಡುತ್ತಿದ್ದರು ಅಂದೆ. ಅವಳು ಕನ್ನಡಕ ಸರಿಮಾಡಿಕೊಂಡು, "ಸರಿ ರೀ, ಗೋಲಿ ಎಲ್ಲಿ?" ಅಂದಳು.

ಗುಳಿ ಇದೆ. ನೆಲಕ್ಕೂರಿದ ಹೆಬ್ಬೆರಳು ಇದೆ. ಗೋಲಿ ಇಲ್ಲ. ಭೂತಗನ್ನಡಿ ಹಿಡಿದೆ. ನನ್ನ ಬಲಗಾಲಿನ ಬೆರಳುಗಳು ಮಾತ್ರ ಏನನ್ನೋ ಅವುಚಿಕೊಂಡಂತೆ ಮಡಚಿದ್ದವು. ಅವತ್ತಿನ ಹಾಲುಬಣ್ಣದ ಗೋಲಿ ಕದ್ದವನು ಫೋಟೊದಲ್ಲಿರುವ ಪಕ್ಕದ್ಮನೆ ಗೆಳೆಯ ಎಂದು ನಲವತ್ತು ವರ್ಷದಿಂದ ಹೇಳಿಕೊಂಡು ಬಂದವನು ನಾನು. ಅವನ ಮುಷ್ಟಿ ಊರಿಸಿ, ಗೆಣ್ಣಿಗೆ ಗುರಿಯಿಟ್ಟು ಹೊಡೆದವನೂ ನಾನೇ.

ಕಾಲ್ಬೆರಳಲ್ಲಿ ಗೋಲಿ ಹಿಡಿಯೋದು ಸಾಧ್ಯವೇ? ಪ್ರಯೋಗ ಆಗಲೇಬೇಕು. ಹೂದಾನಿಗೆ ತಂದಿದ್ದ ಗೋಲಿಗಳಲ್ಲಿ ಒಂದನ್ನು ಎತ್ತಿಕೊಂಡೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳ ಜಾಗಕ್ಕೆ ರಬ್ಬರು ಹಾಸಿದ್ದಾರೆ, ಉಳಿದದ್ದಕ್ಕೆ ಟೈಲ್ಸು. ಒಂದು ಹಿಡಿ ಮಣ್ಣು ಬೇಕಾದರೆ ಕುಂಡ ಕೊಳ್ಳಬೇಕು. ಹಾಗಾಗಿ ಮೆಟ್ರೋ ಸ್ಟೇಷನ್ನಿನ ಕೆಳಗೆ ಬಂದೆ. ಶೂ ಬಿಚ್ಚಿ, ಸಾಕ್ಸು ಜೇಬಿಗಿಟ್ಟು, ಕಂಬ ಹಿಡಿದು ಬಕಪಕ್ಷಿಯಂತೆ ನಿಂತೆ. ಬೆರಳು ಮಡಚಿದೆ. ಮೀನಖಂಡ ಹಿಡಿದುಕೊಂಡಿತು. ಗೋಲಿ ಜಾರಿತು. ನಾನು ನಾಲ್ಕು ಕಾಲಿನ ಮೇಲೆ ಅದರ ಹಿಂದೆ.

"ಏನ್ ಸಾರ್, ಬಿದ್ದೋಯ್ತಾ?" ಸೆಕ್ಯೂರಿಟಿಯವನು.

ಉತ್ತರ ಹೊಳೆಯುವ ಮೊದಲೇ ಕೊರಳಿಗೆ ಐಡಿ ಕಾರ್ಡು ತೂಗಿಸಿಕೊಂಡ ಹುಡುಗಿಯೊಬ್ಬಳು ಬಗ್ಗಿ, "ಇಯರ್‌ಬಡ್ಡಾ ಅಂಕಲ್?" ಅಂದಳು. ಮರ್ಯಾದೆಗೆ ಅಂಜಿ "ಹ್ಞೂಂ" ಅಂದುಬಿಟ್ಟೆ. ನೋಡನೋಡುತ್ತ ಐದು ಮೊಬೈಲ್ ಟಾರ್ಚು ಹೊತ್ತಿಕೊಂಡವು. ಒಬ್ಬ "ಯಾವ ಕಂಪನಿದು?" ಅಂದ. ಇನ್ನೊಬ್ಬ "ಬ್ಲೂಟೂತ್ ಆನ್ ಮಾಡಿ, ಕೂಗುತ್ತೆ" ಅಂದ. ಆನ್ ಮಾಡಿದೆ. ಎಲ್ಲರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು. ನಾನೂ ಕೊಟ್ಟೆ! "ಎಡಗಿವಿದಾ, ಬಲಗಿವಿದಾ?" ಎಂದು ಸೆಕ್ಯೂರಿಟಿಯವನು ಕೇಳಿದಾಗ, ಸ್ವಲ್ಪ ಯೋಚಿಸಿ, "ಎಡಗಿವಿದು" ಎಂದೆ. ಕೊನೆಗೆ ಟೀ ಮಾರುವವನಿಗೆ ನನ್ನ ಗೋಲಿ ಸಿಕ್ಕಿತು. "ಥೂ, ಇದ್ಯಾವ್ದೋ ಗೋಲಿ" ಎಂದು ಮೋರಿಗೆ ಎಸೆದ.

ರಾತ್ರಿ ಗೆಳೆಯನಿಗೆ ಫೋಟೊ ಕಳಿಸಿ, ಕಾಲಿಗೊಂದು ಕೆಂಪು ಸುತ್ತು ಹಾಕಿ, ತಪ್ಪಾಯ್ತು ಎಂದು ಬರೆದೆ. ಫೋಟೊದ ಹಿಂದಿರುವ ರಾಗಿ ಹೊಲ ಅವರದು. ಮಾರಿ ಮಾಲೂರಿನ ಕಡೆ ಹೋದರು. ಅವತ್ತು ಅವರಪ್ಪನಿಗೆ ಎಕರೆಗೆ ಸಿಕ್ಕ ದುಡ್ಡಿಗೆ ಇವತ್ತು ಅಲ್ಲಿ ಒಂದು ಕಾರು ನಿಲ್ಲಿಸೋ ಜಾಗವೂ ಬರೋಲ್ಲ. ಆ ಜಾಗದ ಎಂಟನೇ ಮಹಡಿಯಲ್ಲಿ ಕೂತೇ ನಾನು ಒಂದು ಗೋಲಿಗೆ ಕ್ಷಮೆ ಕೇಳಿದ್ದು. ಎರಡು ನೀಲಿ ಗೆರೆ ಮೂಡಿ ಎಷ್ಟೋ ಹೊತ್ತಾದರೂ ಉತ್ತರ ಇಲ್ಲ. ನಿದ್ದೆಯೂ ಬರಲಿಲ್ಲ.

ಬೆಳಿಗ್ಗೆ ಬಂತು: "ಕಾಲು ಬಿಡೋ. ನನ್ನ ಎಡಗಡೆ ಜೇಬು ದೊಡ್ಡದು ಮಾಡಿ ನೋಡು."

ನೋಡಿದೆ. ಜೇಬು ತುಂಬಿದ ಬಸುರಿ.