ಡ್ರ್ಯಾಗ್ ಅಂಡ್ ಡ್ರಾಪ್ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಒಂದು ಚಿತ್ರವನ್ನು ಎಡಗಡೆಯಿಂದ ಎಳೆದು ಬಲಗಡೆಯ ಚೌಕದೊಳಗೆ ಬಿಡುವ ಕೆಲಸಕ್ಕೆ ಡ್ರ್ಯಾಗ್‌ಸ್ಟಾರ್ಟ್, ಡ್ರ್ಯಾಗ್, ಡ್ರ್ಯಾಗ್‌ಎಂಟರ್, ಡ್ರ್ಯಾಗ್‌ಓವರ್, ಡ್ರ್ಯಾಗ್‌ಲೀವ್, ಡ್ರಾಪ್, ಡ್ರ್ಯಾಗ್‌ಎಂಡ್ ಎಂದು ಏಳು ಇವೆಂಟ್‌ಗಳನ್ನು ನೇಮಿಸಿಕೊಂಡಿದ್ದೀರಿ. ನಿರುದ್ಯೋಗದ ಈ ಕಾಲದಲ್ಲಿ ಇಷ್ಟು ಜನಕ್ಕೆ ಹುದ್ದೆ ಕೊಟ್ಟಿದ್ದಕ್ಕೆ ಮೊದಲು ಅಭಿನಂದನೆಗಳು.

ಇವರಲ್ಲಿ ನನಗೆ ಅಚ್ಚುಮೆಚ್ಚು ಡ್ರ್ಯಾಗ್‌ಓವರ್. ಮೌಸ್ ಅಲುಗದೆ ನಿಂತರೂ ಒಂದೇ ಸಮನೆ ಕೂಗುತ್ತಿರುತ್ತಾರೆ. ಯಾರು ಏನೇ ತರಲಿ, 'ಇಲ್ಲಿ ಇಳಿಸುವಂತಿಲ್ಲ' ಎನ್ನುವುದು ಅವರ ಹುಟ್ಟುಗುಣ. ಇಳಿಸಲೇಬೇಕೆಂದರೆ ಪ್ರಿವೆಂಟ್‌ಡಿಫಾಲ್ಟ್ ಕರೆದು ಅವರ ನಿರಾಕರಣೆಯನ್ನೇ ನಾವು ನಿರಾಕರಿಸಬೇಕು. ಆ ಒಂದು ಸಾಲು ಬಿಟ್ಟುಹೋದರೆ ಡ್ರಾಪ್ ಸಾಹೇಬರು ಬರುವುದೇ ಇಲ್ಲ. ಏಕೆ ಬರಲಿಲ್ಲವೆಂದು ಕನ್ಸೋಲಿನಲ್ಲಿ ಒಂದಕ್ಷರ ತಿಳಿಸುವ ಸೌಜನ್ಯವೂ ನಿಮಗಿಲ್ಲ. ಫೋಟೊ ಲಗತ್ತಿಸೋಣವೆಂದು ಯಾರೋ ಕಂಪ್ಯೂಟರಿನಿಂದ ಫೈಲನ್ನು ಎಳೆದು ತಂದು ಅರ್ಜಿಯ ಮೇಲೆ ಬಿಟ್ಟರೆ, ಬ್ರೌಸರ್ ಅದನ್ನು ಅರ್ಜಿಗೆ ಸೇರಿಸುವ ಬದಲು ತೆರೆದು ತೋರಿಸುತ್ತದೆ!

ಡ್ರ್ಯಾಗ್‌ಲೀವ್ ಅವರೋ, ನಡುಮನೆಯಿಂದ ಅಡುಗೆಮನೆಗೆ ಹೋದವರನ್ನು ಊರು ಬಿಟ್ಟರೆಂದು ಬರೆದುಕೊಳ್ಳುವ ಗುಮಾಸ್ತರು. ಚೌಕದೊಳಗೇ ಇರುವ ಇನ್ನೊಂದು ಎಲಿಮೆಂಟ್ ಮೇಲೆ ಮೌಸ್ ಸರಿದರೆ ಸಾಕು, 'ಹೊರಟುಹೋದರು' ಎಂದು ಸಾರುತ್ತಾರೆ. ನಾವು ಹಾಕಿದ ನೀಲಿ ಅಂಚು ಹತ್ತಿ ಆರಿ ಹತ್ತುತ್ತದೆ. ಒಳಹೋದವರೆಷ್ಟು, ಹೊರಬಂದವರೆಷ್ಟು ಎಂದು ಎಣಿಸಲು ನಾವು ಪ್ರತ್ಯೇಕ ಕೌಂಟರ್ ಇಟ್ಟುಕೊಂಡಿದ್ದೇವೆ.

ಒಂದು ವಿಷಯ ಮಾತ್ರ ವ್ಯಂಗ್ಯವಿಲ್ಲದೆ ಹೇಳುತ್ತೇನೆ. ಎಳೆದು ತಂದದ್ದರ ಒಳಗೇನಿದೆ ಎಂಬುದನ್ನು ಕೈಬಿಡುವವರೆಗೆ ದಾರಿಯಲ್ಲಿ ಸಿಗುವ ಪುಟಗಳಿಗೆ ನೀವು ತೋರಿಸುವುದಿಲ್ಲ. ಅದು ಸರಿಯಾದ ನಿಯಮ.

ನಿಮ್ಮ ಮನೆತನವೂ ಹಳೆಯದೇ. 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿದ್ದುದನ್ನೇ ಎಚ್‌ಟಿಎಂಎಲ್5ರ ಸಂಪಾದಕ ಇಯಾನ್ ಹಿಕ್ಸನ್ ಬಿಡಿಸಿ ನೋಡಿ ಅದಕ್ಕೆ ಇಳಿಸಿಕೊಂಡರು. 2009ರಲ್ಲಿ ವೆಬ್ ಡೆವಲಪರ್ ಪೀಟರ್-ಪಾಲ್ ಕಾಕ್ ನಿಮ್ಮನ್ನು 'ಅನಾಹುತ' ಎಂದು ಬರೆದರು, ನೀವು ಕದಲಲಿಲ್ಲ. ಮೊಬೈಲುಗಳು ಬಂದು ವರ್ಷಗಳಾದರೂ ಬೆರಳಿನ ಭಾಷೆ ನಿಮಗೆ ತಿಳಿಯಲಿಲ್ಲ, ನಾವು ಪಾಯಿಂಟರ್ ಇವೆಂಟ್‌ಗಳನ್ನು ಹಿಡಿದು ಎಲ್ಲವನ್ನೂ ಕೈಯಾರೆ ಬರೆದುಕೊಂಡೆವು.

ಅಂಗವಿಕಲರಿಗೂ ವೆಬ್ ಬಳಸಲು ಬರುವಂತೆ ಮಾಡುವ ಮಾರ್ಗಸೂಚಿ, 2023ರಲ್ಲಿ ಹೊರಬಂದ ಡಬ್ಲ್ಯುಸಿಎಜಿ 2.2, ಇನ್ನೊಂದು ಮಾತು ಸೇರಿಸಿದೆ: ಎಳೆದು ಮಾಡುವ ಕೆಲಸವನ್ನು ಎಳೆಯದೆಯೂ ಮಾಡಲು ದಾರಿಯಿರಬೇಕು. ಕೈನಡುಗುವವರ ಬಗ್ಗೆ ನಾವು ಮೊದಲೇ ಯೋಚಿಸಬೇಕಿತ್ತು. ಅದರಂತೆ ನನ್ನ ಪಟ್ಟಿಯ ಪ್ರತಿ ಸಾಲಿನ ಪಕ್ಕದಲ್ಲೂ 'ಮೇಲೆ', 'ಕೆಳಗೆ' ಎಂಬ ಎರಡು ಬಟನ್ ಇಟ್ಟಿದ್ದೇನೆ. ಒಂದೇ ಕ್ಲಿಕ್ ಇವೆಂಟ್, ಹತ್ತು ಸಾಲಿನ ಕೋಡ್. ಕೈ ನಡುಗದವರೂ ಅದನ್ನೇ ಒತ್ತುತ್ತಿದ್ದಾರೆ. ತಾವು ಬೇಸರಿಸಬಾರದು.

ಇಂತಿ ತಮ್ಮ ವಿಧೇಯ,
ಒಬ್ಬ ವೆಬ್ ಪ್ರೋಗ್ರಾಮರ್